ಎರಡು ಟೋಪಿಯ ಕ್ರೀಮ್ ಬನ್ನು

ಮೊನ್ನೆ ಕಸ ಗುಡಿಸುವಾಗ ಸೋಫಾದ ಅಡಿಯಿಂದ ಒಂದು ಕಡ್ಡಿ ಉರುಳಿ ಬಂತು. ತುದಿಗೆ ಪುಟ್ಟ ಕೊಕ್ಕೆ, ಹಿಡಿಯುವಲ್ಲಿ ಗುಲಾಬಿ ಬಣ್ಣದ ರಬ್ಬರು. ನೋಡಿದ ಕೂಡಲೇ ಗುರುತು ಹತ್ತಿತು. ಬಟ್ಟೆ ಬದಲಾಗಿದ್ದರೂ ಹಳೇ ಗೆಳತಿಯ ಮುಖ ಮರೆಯುವುದುಂಟೆ? ಅದು ದಾರ ಹೆಣೆಯುವ ಕ್ರೋಶಾ ಕಡ್ಡಿ. ಅದನ್ನು ಅಲ್ಲಿಗೆ ಎಸೆದವಳು ನಮ್ಮಕ್ಕನ ಮೊಮ್ಮಗಳು ಚಿನ್ನಿ. ರಜೆಗೆ ನನ್ನ ಹತ್ತಿರ ಬಂದಿದ್ದಾಳೆ. ಬರುವಾಗ ಒಂದು ಡಬ್ಬಿ ಹಿಡಿದುಕೊಂಡೇ ಬಂದಳು. ಅದರೊಳಗೆ ಬಣ್ಣಬಣ್ಣದ ದಾರ, ಕಡ್ಡಿ, ಮೇಲೆ ಹೆಬ್ಬೆರಳಿನಷ್ಟೇ ಇರುವ ಕೇಕು, ಬನ್ನುಗಳ ಚಿತ್ರ. ದಾರದಲ್ಲಿ ಇಂಥ ಪುಟ್ಟ ಗೊಂಬೆ ಹೆಣೆಯುವುದಕ್ಕೆ ಅಮಿಗುರುಮಿ ಅನ್ನುತ್ತಾರಂತೆ. ನಾನು ಮೊದಲು ಅದನ್ನು ಯಾವುದೋ ಬಿ.ಪಿ. ಗುಳಿಗೆಯ ಹೆಸರು ಅಂದುಕೊಂಡಿದ್ದೆ.

"ಸೊರಬದ ಅಜ್ಜಿ ಮನೆ ಶೋಕೇಸಲ್ಲಿ ಒಂದು ಬನ್ ಇದೆಯಲ್ಲ, ಅಂಥದ್ದು ಮಾಡ್ಬೇಕು ಅಂತಿದ್ದೆ ಚಿಕ್ಕಜ್ಜಿ. ನನ್ನ ಕೈಗೆ ಇದು ಬರಲ್ಲ," ಅಂದಳು ಚಿನ್ನಿ, ಮುಖ ಊದಿಸಿಕೊಂಡು.

ಆ ಬನ್ನು ಮಾಡಿದವಳು ನಾನೇ. ಹೇಳಿದರೆ ಜಂಬ ಅಂತೀರಿ. ಅನ್ನಿ, ನನಗೇನೂ ಬೇಜಾರಿಲ್ಲ. ಜೀವನದಲ್ಲಿ ಜಂಬ ಪಡುವಂಥದ್ದು ಬಹಳ ಮಾಡಿಲ್ಲ ನಾನು. ಮಾಡಿದ್ದನ್ನೂ ಮುಚ್ಚಿಟ್ಟುಕೊಂಡು ಏನು ಮಾಡಲಿ? ಆದರೆ "ನನ್ನ ಕೈಗೆ ಬರಲ್ಲ" ಅನ್ನುವ ಮಾತು ಕೇಳಿದಾಗ ಮಾತ್ರ ಪೊರಕೆ ಹಿಡಿದುಕೊಂಡೇ ಕೂತುಬಿಟ್ಟೆ. ಈ ಮಾತನ್ನು ನಾನು ನಮ್ಮೂರು ಶಿಕಾರಿಪುರದಲ್ಲಿ ಬಹಳ ಕೇಳಿದ್ದೇನೆ.

ಎಪ್ಪತ್ತರ ದಶಕದ ಮಾತು ಇದು. ನಾನು ಎಡಚಿ. ಈಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕ್ರಿಕೆಟ್ಟಿನಲ್ಲಿ ಎಡಗೈಯವರಿಗೆ ಮರ್ಯಾದೆಯೂ ಜಾಸ್ತಿಯಂತೆ. ಆಗ ಹಾಗಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಅಕ್ಕ ನೀಲಮ್ಮತ್ತೆ ಇದ್ದಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದವಳು. ಒಳ್ಳೆಯವಳೇ, ಕರಿದ ತಿಂಡಿ ಮಾಡಿದರೆ ನನಗೇ ಮೊದಲು ಕೊಡುತ್ತಿದ್ದಳು. ಅದಕ್ಕೆ ನಾನು ಎಡಗೈ ಚಾಚಿದೆನೋ, ಸೌಟಿನ ಹಿಡಿಯಿಂದ ಒಂದು ಏಟು. ವಿಭೂತಿ ತಟ್ಟೆ ಮುಟ್ಟುವ ಹಾಗಿಲ್ಲ, ರಂಗೋಲಿ ಹಾಕುವ ಹಾಗಿಲ್ಲ, ಅರಿಶಿನ ಕುಂಕುಮ ಕೊಡುವಾಗಂತೂ ನನ್ನನ್ನು ಹಿತ್ತಲಿಗೇ ಕಳಿಸುತ್ತಿದ್ದಳು. ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರಮ್ಮ ನನ್ನ ಸೂಜಿಯನ್ನು ಬಲಗೈಗೆ ಕೊಟ್ಟೂ ಕೊಟ್ಟೂ ಸಾಕಾಗಿ, ಕೊನೆಗೆ ಉಳಿದ ಹುಡುಗಿಯರ ದಾರ ಸುತ್ತುವ ಕೆಲಸಕ್ಕೆ ಹಾಕಿಬಿಟ್ಟರು. ಬೇರೆಯವರ ಕರ್ಚೀಫಿನ ಮೇಲೆ ಗುಲಾಬಿ ಅರಳಿತು, ನಾನು ಉಂಡೆ ಸುತ್ತುತ್ತ ಕೂತಿದ್ದೆ. ಅಳು ಬರುತ್ತಿತ್ತು, ಆದರೆ ಅಳುತ್ತಿರಲಿಲ್ಲ. ಅತ್ತರೆ ಕಣ್ಣೊರೆಸಲು ಎದ್ದು ಬರುತ್ತಿದ್ದದ್ದೂ ಎಡಗೈಯೇ.

ನಮ್ಮ ಮನೆಯ ಹಿತ್ತಲಿಗೆ ತಾಗಿ ಜೈತುನಮ್ಮನ ಮನೆ. ಅವರ ಯಜಮಾನರದು ಪೇಟೆಯಲ್ಲಿ ಟೈಲರ್ ಅಂಗಡಿ. ಜೈತುನಮ್ಮ ಮಧ್ಯಾಹ್ನದ ಕೆಲಸ ಮುಗಿಸಿ ಹಿಂದಿನ ಕಟ್ಟೆಯ ಮೇಲೆ ಕೂತು ನಮಾಜಿನ ಬಿಳಿ ಟೋಪಿ ಹೆಣೆಯುತ್ತಿದ್ದರು. ಕೈಯಲ್ಲಿ ಒಂದೇ ಕಡ್ಡಿ, ಒಂದು ಉಂಡೆ ದಾರ. ಮೊದಲು ನೆತ್ತಿಯಲ್ಲಿ ಒಂದು ಸಣ್ಣ ಉಂಗುರ. ಅದರ ಸುತ್ತ ಕುಣಿಕೆ ಮೇಲೆ ಕುಣಿಕೆ ಹಾಕಿ, ಸುತ್ತು ಸುತ್ತಿಗೂ ಹೆಚ್ಚಿಸುತ್ತ ಹೋದರೆ ಚಪಾತಿಯ ಹಾಗೆ ಅಗಲವಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ತಾನಾಗಿ ಕೆಳಗೆ ಬಾಗಿ ಟೋಪಿಯಾಗುತ್ತದೆ. ನಾನು ಬೇಲಿಯ ಮೇಲೆ ಗದ್ದ ಊರಿ ನೋಡುತ್ತಿದ್ದೆ. ಒಂದು ದಿನ ಅವರೇ, "ಬಾ ಈ ಕಡೆ. ಕತ್ತು ನೋವು ಬರ್ತೈತಿ," ಅಂದು ಕರೆದರು.

ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನನ್ನ ಕೈಯಲ್ಲಿ ದಾರ ಗೋಜಲಾಯಿತೇ ಹೊರತು ಕುಣಿಕೆ ಬೀಳಲಿಲ್ಲ. ಅವರ ಕಡ್ಡಿ ಆ ಕಡೆ ಹೋದರೆ ನನ್ನದು ಈ ಕಡೆ. "ನಾನು ಎಡಚಿ ರೀ, ನನ್ನ ಕೈಗೆ ಬರಲ್ಲ," ಅಂತ ನಾನೇ ಹೇಳಿ ಎದ್ದೆ. ಜೈತುನಮ್ಮ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಎದ್ದು ಬಂದು, ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು.

"ಕನ್ನಡಿ ನೋಡ್ದಂಗೆ ನನ್ನ ನೋಡು. ನನ್ನ ಕೈ ಯಾವ ಕಡಿಗೆ ಬರ್ತೈತಿ, ನಿನ್ನ ಕೈನೂ ಅದೇ ಕಡಿಗೆ ತಾ. ಬಲ ಎಡ ಅಂತ ಬಾಯಾಗ ಅನ್ಬ್ಯಾಡ."

ಸಂಜೆಯೊಳಗೆ ನನ್ನ ಕಡ್ಡಿಯಿಂದ ಒಂದು ಸರಪಳಿ ಇಳಿಯಿತು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಎಮ್ಮೆ ಕಟ್ಟುವ ಹಗ್ಗಕ್ಕಿಂತ ಕೆಟ್ಟದಾಗಿತ್ತು. ಅದನ್ನು ಕೈಗೆ ಸುತ್ತಿಕೊಂಡೇ ಮಲಗಿದೆ. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಈಗ ಗಿರಿಜಕ್ಕನ ಕಡೆ ಬರುತ್ತೇನೆ. ಬನ್ನಿನ ಕಥೆಗೆ ಅವಳೇ ಮೂಲ. ಗಿರಿಜಕ್ಕ ನನ್ನ ಸ್ವಂತ ಅಕ್ಕ, ಚಿನ್ನಿಯ ಅಜ್ಜಿ. ಅವಳೂ ನಾನೂ ಶಾಲೆಯಿಂದ ಬರುವ ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿ ಇತ್ತು. ಗಾಜಿನ ಕಪಾಟಿನಲ್ಲಿ ಕ್ರೀಮ್ ಬನ್ನು, ಚೆರ್ರಿ ಕೂರಿಸಿದ ಕೇಕು, ಸುರುಳಿ ಸುತ್ತಿದ ಕ್ರೀಮ್ ರೋಲು. ಕೇಕಿಗೆ ಮೊಟ್ಟೆ ಹಾಕುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು, ನಮಗಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ ಅಂತ ಇಟ್ಟುಕೊಳ್ಳಿ. ತಿಂದು, ಬಾಯಿ ಒರೆಸಿಕೊಂಡು, ಕೊರಳಿನ ಲಿಂಗ ಮುಟ್ಟಿ ತಪ್ಪಾಯ್ತು ಅಂದುಕೊಂಡು ಮನೆಗೆ ಬರುತ್ತಿದ್ದೆವು. ಹಾಗೆ ಅಂದುಕೊಂಡ ಮೇಲೆ ಮರುವಾರ ಮತ್ತೆ ತಿನ್ನಲು ಅಡ್ಡಿಯಿರಲಿಲ್ಲ.

ಅಕ್ಕನನ್ನು ಸೊರಬಕ್ಕೆ ಕೊಟ್ಟರು. ಮನೆತನ ಒಳ್ಳೆಯದು, ಆದರೆ ಮಡಿ ನಮ್ಮದಕ್ಕಿಂತ ಒಂದು ಕೈ ಜಾಸ್ತಿ. ಅವಳು ಬಸುರಿಯಾದ ಸುದ್ದಿ ಬಂದ ಮೇಲೆ ಅಪ್ಪನ ಜೊತೆ ನಾನೂ ನೋಡಲು ಹೋಗಿದ್ದೆ. ಅಡುಗೆಮನೆಯ ಬಾಗಿಲ ಹಿಂದೆ ಅಕ್ಕ ನನ್ನ ಕಿವಿಯಲ್ಲಿ ಅಂದಳು, "ದಿನಾ ಅದೇ ನೆನಪು ಬರ್ತದೆ ಕಣೇ. ಬೇಕರಿ ಕಪಾಟು. ಆ ಕ್ರೀಮ್ ಬನ್ನು. ಇಲ್ಲಿ ಬಾಯಿ ಬಿಟ್ಟು ಹೇಳೋ ಹಂಗಿಲ್ಲ." ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡಳು. ಒಂದು ಬನ್ನಿಗೆ ಅಳುತ್ತಾರೆಯೇ ಅಂತ ನೀವು ಕೇಳಬಹುದು. ಬಸುರಿಯ ಬಯಕೆ ಬನ್ನಿನದಷ್ಟೇ ಅಲ್ಲ, ಬನ್ನು ತಿಂದ ಊರಿನದು, ಜೊತೆಗೆ ತಿಂದವಳದು.

ಮುಂದಿನ ತಿಂಗಳು ಕುಬಸ. ತವರಿನವರು ಹಸಿರು ಸೀರೆ, ಕುಬಸ, ಬಗೆಬಗೆ ತಿಂಡಿಯ ಬುತ್ತಿ ಒಯ್ದು ಬಸುರಿಗೆ ಉಡಿ ತುಂಬುವ ಶಾಸ್ತ್ರ. ಬುತ್ತಿಯ ತಟ್ಟೆಗಳನ್ನು ಸೊರಬದ ಹೆಂಗಸರೆಲ್ಲ ನೋಡಿ, ಎತ್ತಿ, ಮುಟ್ಟಿ ಲೆಕ್ಕ ಹಾಕುತ್ತಾರೆ. ಅದರಲ್ಲಿ ಬೇಕರಿಯದನ್ನು ಅಡಗಿಸಿ ಒಯ್ಯುವುದು ಆಗದ ಮಾತು. ತಿನ್ನಲು ಸಿಗದಿದ್ದರೆ ನೋಡಲಾದರೂ ಸಿಗಲಿ ಅಂತ ನಾನು ದಾರದಲ್ಲಿ ಮಾಡಲು ಹೊರಟೆ.

ಇಲ್ಲೇ ನನ್ನ ವಿದ್ಯೆಯ ಬಣ್ಣ ಬಯಲಾದದ್ದು. ನಾನು ಕಲಿತದ್ದು ಟೋಪಿ. ಟೋಪಿಗೆ ತಳ ಇಲ್ಲ, ತಲೆಯೇ ಅದರ ತಳ. ಬಾಯಿ ಮುಚ್ಚುವುದು ಹೇಗೆ ಅಂತ ನನಗೂ ಗೊತ್ತಿಲ್ಲ, ಕಲಿಸಿದವರಿಗೂ ಯಾವತ್ತೂ ಬೇಕಾಗಿರಲಿಲ್ಲ. ಕೇಕು ಮಾಡಲು ಕೂತರೂ ಟೋಪಿ, ಬನ್ನು ಮಾಡಲು ಕೂತರೂ ಟೋಪಿ. ಬತ್ತಿ ಹೊಸೆಯುವ ಅರಳೆ ತುಂಬಿದರೆ ಕೆಳಗಿನಿಂದ ಉದುರುತ್ತಿತ್ತು. ನನ್ನ ಮೊದಲ ಕೇಕನ್ನು ಜೈತುನಮ್ಮನ ಮಗಳು ತನ್ನ ಗೊಂಬೆಯ ತಲೆಗೆ ಹಾಕಿದಳು, ಅಳತೆಗೆ ಹೊಲಿಸಿದ ಹಾಗೆ ಕೂತಿತು. ಜೈತುನಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಸಿಟ್ಟು ಬಂತು.

"ಸಿಟ್ಟು ಮಾಡ್ಕೋಬ್ಯಾಡ. ಇನ್ನೊಂದು ಟೋಪಿ ಹಾಕು. ಎರಡನ್ನೂ ಬಾಯಿಗೆ ಬಾಯಿ ಇಟ್ಟು ಹೊಲಿ, ನೋಡಾಣ," ಅಂದರು.

ಹೊಲಿದೆ. ಮೇಲೊಂದು ಟೋಪಿ, ಕೆಳಗೊಂದು ಟೋಪಿ. ನಡುವಿನ ಹೊಲಿಗೆ ನನ್ನ ಕೈಯ ಗುಣಕ್ಕೆ ತಕ್ಕ ಹಾಗೆ ಸಡಿಲವಾಗಿತ್ತು, ಒಳಗಿನ ಬಿಳಿ ಅರಳೆ ಸುತ್ತಲೂ ಹೊರಗೆ ಉಬ್ಬಿತು. ಬನ್ನನ್ನು ಅಡ್ಡ ಕತ್ತರಿಸಿ ಕ್ರೀಮ್ ಮೆತ್ತಿದರೆ ಅದು ಹೇಗೆ ಇಣುಕುತ್ತದೋ ಹಾಗೇ ಇತ್ತು. ಬೇಕಂತಲೇ ಮಾಡಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಟೋಪಿಯ ದಾರ ಬಿಳಿ, ಬೇಯದ ಹಿಟ್ಟಿನ ಬಣ್ಣ. ಮುಂದಿನವಕ್ಕೆ ದಾರವನ್ನೇ ಚಹಾಪುಡಿ ಕುದಿಸಿದ ನೀರಿನಲ್ಲಿ ನೆನೆಸಿ ಒಣಗಿಸಿದೆ, ಒಲೆಯಿಂದ ಈಗ ತೆಗೆದ ಬಣ್ಣ ಬಂತು. ಕೇಕಿಗೆ ಕೆಂಪು ದಾರದ ಗಂಟು ಚೆರ್ರಿಯಾಯಿತು. ಕುಬಸದ ಹೊತ್ತಿಗೆ ಒಂದು ಸಣ್ಣ ತಟ್ಟೆ ತುಂಬ ಬೇಕರಿ ಸಿದ್ಧವಾಗಿತ್ತು, ಒಂದೊಂದೂ ನಿಂಬೆಹಣ್ಣಿಗಿಂತ ಚಿಕ್ಕದು.

ಹೊರಡುವ ದಿನ ನೀಲಮ್ಮತ್ತೆ ಆ ತಟ್ಟೆಯನ್ನು ಬುತ್ತಿಯಿಂದ ತೆಗೆದು ಕಿಟಕಿಯ ಮೇಲೆ ಇಟ್ಟಳು. "ಎಡಗೈಲಿ ಮಾಡಿದ್ದು ಬಸುರಿ ಉಡಿಗೆ ಬ್ಯಾಡ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಅಂದಳು. ರಂಗೋಲಿ ಬಿಟ್ಟೆ, ಕುಂಕುಮ ಬಿಟ್ಟೆ, ಗುಲಾಬಿ ಕರ್ಚೀಫು ಬಿಟ್ಟೆ. ಇದೊಂದನ್ನು ಬಿಡಲು ಮನಸ್ಸು ಒಪ್ಪಲಿಲ್ಲ.

ನಮ್ಮವ್ವ ಗಂಡನ ಅಕ್ಕನಿಗೆ ಎದುರು ಮಾತಾಡಿದ್ದು ನಾನು ಕಂಡಿಲ್ಲ. ಅವತ್ತು ಕರಿಗಡುಬಿನ ಡಬ್ಬಿಗೆ ಬಟ್ಟೆ ಕಟ್ಟುತ್ತಿದ್ದವಳು ತಲೆಯೆತ್ತದೇ ಹೇಳಿದಳು, "ಅದರ ಎರಡೂ ಕೈ ನಾನೇ ಹೆತ್ತದ್ದು ರೀ." ಎದ್ದು ಹೋಗಿ ತಟ್ಟೆ ತಂದು ಬುತ್ತಿಯೊಳಗೆ ಇಟ್ಟು, ಮತ್ತೆ ಗಂಟು ಕಟ್ಟಲು ಕೂತಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವವರೆಗೂ ನೀಲಮ್ಮತ್ತೆ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಿದ್ದಳು.

ಸೊರಬದಲ್ಲಿ ಅಕ್ಕ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರು. ಬೀಗತಿ, ಅಂದರೆ ಅಕ್ಕನ ಅತ್ತೆ, ಒಂದೊಂದೇ ತಟ್ಟೆಯ ಬಟ್ಟೆ ಸರಿಸುತ್ತ ಬಂದರು. ನನ್ನದರ ಬಟ್ಟೆ ಸರಿಸಿದವರೇ ಕೈ ಹಿಂದೆಳೆದುಕೊಂಡರು.

"ಎಂಥದು ಇದು? ಬೇಕರಿದ್ದು ಇಲ್ಲಿಗೆ ತಂದಿದ್ದಾ?"

ಅವರು ಸೆರಗಿನ ತುದಿಯಿಂದ ತಟ್ಟೆಯನ್ನು ಕೈ ತಾಗದ ಹಾಗೆ ದೂರ ತಳ್ಳಿದರು. ಅವ್ವನ ಮುಖ ಸುಟ್ಟ ಬದನೆಕಾಯಿಯಾಯಿತು. ನನಗೆ ಹೆದರಿಕೆಯಾಗಬೇಕಿತ್ತು. ಆದರೆ ಸತ್ಯ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಇಷ್ಟು ಹತ್ತಿರದಿಂದ ನೋಡಿ, ಇಷ್ಟು ಜನರ ಎದುರು, ಅವರು ನನ್ನ ಬನ್ನನ್ನು ಬನ್ನು ಅಂತಲೇ ನಂಬಿದ್ದರು.

"ದಾರ ರೀ ಅತ್ತೆ. ಒಳಗೆ ದೀಪದ ಅರಳೆ ಐತಿ. ಅಕ್ಕಗೆ ಅಂತ ಮಾಡಿದ್ದು," ಅಂದೆ.

ಅವರು ಬಗ್ಗಿ ಒಂದು ಬನ್ನು ಎತ್ತಿದರು. ಮೂಸಿದರು, ಒತ್ತಿದರು, ತಿರುಗಿಸಿದರು. ನಗು ಮೊದಲು ಅವರ ಹೊಟ್ಟೆಯಲ್ಲಿ ಅಲುಗಾಡಿ ಆಮೇಲೆ ಬಾಯಿಗೆ ಬಂತು. "ಯಾರು ಮಾಡಿದ್ದು ಇದನ್ನ?" ಅಂತ ಕೇಳಿದಾಗ ನೀಲಮ್ಮತ್ತೆ ನೆಲ ನೋಡುತ್ತ, "ನಮ್ಮ ಸಣ್ಣಾಕಿ. ಎಡಚಿ ಅದು," ಅಂದುಬಿಟ್ಟಳು. ಹಾಗೆ ಅಂದದ್ದು ದೂರೋ, ಬೀಗತಿಗೆ ಕೊಟ್ಟ ಎಚ್ಚರಿಕೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬೀಗತಿ ನನ್ನ ಕಡೆ ನೋಡಿದರು. "ತೋರ್ಸು ಕೈ," ಅಂದರು. ನಾನು ಅಭ್ಯಾಸಬಲದಿಂದ ಬಲಗೈ ಚಾಚಿದೆ. "ಇದಲ್ಲ, ಮಾಡಿದ ಕೈ." ಎಡಗೈ ಚಾಚಿದೆ. ಏಟು ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಆ ಅಂಗೈಯ ಮೇಲೆ ಬನ್ನನ್ನು ಇಟ್ಟು, "ನೀನೇ ಹಾಕು ಅಕ್ಕನ ಉಡಿಗೆ," ಅಂದರು.

ಅಕ್ಕಿ, ಕೊಬ್ಬರಿ, ಉತ್ತತ್ತಿಯ ನಡುವೆ ನನ್ನ ಕ್ರೀಮ್ ಬನ್ನು ಬಿತ್ತು. ನನ್ನ ಎಡಗೈಯಿಂದಲೇ ಬಿತ್ತು. ಅಕ್ಕ ಅದನ್ನು ಎತ್ತಿ, ಅಷ್ಟು ಜನರ ಎದುರು, ಕಚ್ಚಿಯೇ ಬಿಟ್ಟಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಹಲ್ಲಿಗೆ ಸಿಕ್ಕ ಒಂದು ಎಳೆ ಕಿತ್ತು ಬಂದದ್ದು ಇವತ್ತಿಗೂ ಆ ಬನ್ನಿನಲ್ಲಿ ಹಾಗೇ ನೇತಾಡುತ್ತಿದೆ.

ವಾಪಸು ಬರುವ ಬಸ್ಸಿನಲ್ಲಿ ನೀಲಮ್ಮತ್ತೆ ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸಿಗೆ ಹೇಳುತ್ತಿದ್ದಳು, "ನಮ್ಮ ಹುಡುಗಿ ದಾರದಾಗ ಬನ್ನು ಮಾಡ್ಯಾಳ್ರೀ, ಬೀಗರು ಬೆಪ್ಪಾಗಿಬಿಟ್ರು." ಯಾವ ಕೈ ಅನ್ನುವುದನ್ನು ಹೇಳಲಿಲ್ಲ. ನಾನೂ ನೆನಪಿಸಲಿಲ್ಲ. ಊರಿಗೆ ಬಂದ ಮೇಲೆ ಜೈತುನಮ್ಮನಿಗೆ ಬೇಲಿಯ ಈ ಕಡೆಯಿಂದಲೇ ಎಲ್ಲ ಕೂಗಿ ಹೇಳಿದೆ. ಅವರು ಹೆಣೆಯುತ್ತಿದ್ದ ಟೋಪಿ ಕೆಳಗಿಟ್ಟು ಪೂರ್ತಿ ಕೇಳಿದರು. ಅವರು ಹೋಗಿ ಬಹಳ ವರ್ಷವಾಯಿತು. ಅವರನ್ನು ನೆನೆಯದೇ ನಾನು ಕಡ್ಡಿ ಹಿಡಿದದ್ದೇ ಇಲ್ಲ.

ಸೋಫಾದ ಅಡಿಯಿಂದ ಬಂದ ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ ಚಿನ್ನಿಗೆ ಕೊಟ್ಟೆ. "ಮೊಬೈಲಲ್ಲಿ ನೋಡಿ ಅದೇ ಥರ ಮಾಡ್ತೀನಿ, ಉಲ್ಟಾ ಬರುತ್ತೆ," ಅಂತ ಗೊಣಗುತ್ತ ಇಸಿದುಕೊಂಡಳು. ಅವಳು ಇಸಿದುಕೊಂಡ ಕೈ ನೋಡಿದೆ. ಇಷ್ಟು ದಿನ ಒಟ್ಟಿಗೆ ಉಂಡಿದ್ದೇವೆ, ತಿಂದಿದ್ದೇವೆ. ಊಟಕ್ಕೆ ಬಲಗೈ ಬಳಸುವುದನ್ನು ಅವಳ ಅಮ್ಮ ಕಲಿಸಿರಬೇಕು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಡಗೈ.

ಮೊಬೈಲು ಆಫ್ ಮಾಡಿದೆ. ಅಭ್ಯಾಸದಂತೆ ಎದುರಿಗೆ ಕೂರಲು ಹೋದವಳು ಅರ್ಧಕ್ಕೇ ನಿಂತೆ. ಇಷ್ಟು ವರ್ಷದಲ್ಲಿ ನೆಂಟರ ಮಕ್ಕಳಿಗೆ, ಓಣಿಯ ಹುಡುಗಿಯರಿಗೆ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಎಲ್ಲರೂ ಬಲಗೈಯವರು, ಎಲ್ಲರಿಗೂ ಎದುರು ಕೂತೇ ಕಲಿಸಿದ್ದು. ಇವಳಿಗೆ ಕನ್ನಡಿ ಬೇಕಿರಲಿಲ್ಲ.

"ಸ್ವಲ್ಪ ಆ ಕಡೆ ಸರಿ," ಅಂದೆ. ಸರಿದಳು. ನಾನು ಅವಳ ಪಕ್ಕದಲ್ಲಿ ಕೂತೆ.