ಎಲ್ಡನ್‌ನ ಬೋನು ಎತ್ತಿಕೊಟ್ಟವರು

ಎಲ್ಡನ್ ಕ್ರಾಲಿಯಷ್ಟು ಜಾಣ ಮೀನುಗಾರ ಮೇನ್ ರಾಜ್ಯದ ಕರಾವಳಿಯಲ್ಲೇ ಇನ್ನೊಬ್ಬನಿರಲಿಲ್ಲ. ಹಾಗಂತ ಎಲ್ಡನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಬೋನಿಗೆ ಮೊಟ್ಟೆ ಹೊತ್ತ ಲಾಬ್‌ಸ್ಟರ್ ಸಿಗಡಿ ಬಿದ್ದರೆ ಅದರ ಬಾಲಕ್ಕೊಂದು ಗುರುತಿನ ಕಚ್ಚು ಹಾಕಿ ಕಡಲಿಗೇ ಬಿಡಬೇಕೆಂಬುದು ಕಾನೂನು; ತನ್ನ ದ್ವೀಪದ ಶಾಲೆಯ ಮಕ್ಕಳಿಗೆ ವರ್ಷವರ್ಷವೂ ಎದೆಯುಬ್ಬಿಸಿಕೊಂಡು ಇದನ್ನು ಕಲಿಸುತ್ತಿದ್ದವನೂ ಅವನೇ. ಆಮೇಲೆ ದೋಣಿಯ ಮರೆಯಲ್ಲಿ ಕೂತು ಈ ಮಹಾಶಯ ಮಾಡುತ್ತಿದ್ದದ್ದೇನು? ಒಂದು ಬಕೆಟ್ ಬ್ಲೀಚ್, ಒಂದು ಹಲ್ಲುಜ್ಜುವ ಬ್ರಷ್! ಮೊಟ್ಟೆಗಳನ್ನು ತಿಕ್ಕಿ ತಿಕ್ಕಿ ಉದುರಿಸಿ, ತಾಯಿಯನ್ನು ಮಾರುಕಟ್ಟೆಗೆ ಕಳಿಸುವುದು.

ಕಡಲ ಗಸ್ತಿನ ಅಧಿಕಾರಿ ಪಿಂಕಮ್ ಒಂದು ದಿನ ಅವನ ಪೆಟ್ಟಿಗೆಯಿಂದ ಒಂದನ್ನೆತ್ತಿ ಮೂಸಿದಳು.

“ಏನ್ ಎಲ್ಡನ್, ಇದಕ್ಕೆ ಸ್ನಾನ ಮಾಡಿಸಿದ್ಯಾ? ನಿನ್ ಅಂಗಿಗಿಂತ ಇದೇ ಕ್ಲೀನಾಗಿದೆಯಲ್ಲ!”

“ಕಡಲೇ ಹಂಗಿದೆ ಮೇಡಂ ಈಗೀಗ,” ಎಂದ ಎಲ್ಡನ್. ಇದಕ್ಕಿಂತ ಒಳ್ಳೆಯ ಸುಳ್ಳು ಆ ತಲೆಗೆ ಹೊಳೆಯಲಿಲ್ಲ.

ಮೂರು ವರ್ಷದ ಮಟ್ಟಿಗೆ ಅವನ ಲೈಸೆನ್ಸ್ ರದ್ದಾಯಿತು. ವಾರದೊಳಗೆ ಬೋನುಗಳೆಲ್ಲ ನೀರಿನಿಂದ ಮೇಲೆ ಬರಬೇಕು, ಆದರೆ ಅವನು ಮುಟ್ಟುವಂತಿಲ್ಲ. ಅದು ಅವನಿಗೆ ಚಿಂತೆಯೇ ಅಲ್ಲ. ಯಾರಾದರೂ ಕಾಲು ಮುರಿದುಕೊಂಡರೆ ಉಳಿದವರು ಸೇರಿ ಬೋನು ಎತ್ತಿಕೊಡುವುದು ದ್ವೀಪದ ವಾಡಿಕೆ. ತನಗೆ ಅಷ್ಟೂ ಮಾಡುವುದಿಲ್ಲವೇ? ಹೆದರಿಕೆಯಿದ್ದದ್ದು ಬಂಡೆಸಾಲಿನ ಪಕ್ಕದ ತನ್ನ ಜಾಗದ್ದು. ಅಪ್ಪನ ಕಾಲದಿಂದ ಬಂದದ್ದು, ಯಾವ ಕಾಗದದಲ್ಲೂ ಇಲ್ಲದ್ದು. ಅಲ್ಲಿ ಬೋನಿಟ್ಟವನದೇ ಆ ನೀರು.

ಬೆಳಗಾಗುತ್ತಲೇ ಹನ್ನೊಂದು ದೋಣಿಗಳು ಅವನ ಬೋನು ಎತ್ತಲು ಹೊರಟೇಬಿಟ್ಟವು! ಹೊರಡುವ ಮೊದಲೇ ಎಲ್ಲರಿಗೂ ಡೋನಟ್ ಹಂಚಿದ್ದ ಎಲ್ಡನ್ ದೋಣಿಕಟ್ಟೆಯ ಮೇಲೆ ನಿಂತು ಕಣ್ಣೊರೆಸಿಕೊಂಡ, ಕೈಬೀಸಿದ.

“ನೋಡಿದ್ಯಾ ಅಕ್ಕ, ಜನಕ್ಕೆ ನಾನಂದ್ರೆ ಪ್ರಾಣ!”

ಅಕ್ಕ ವರ್ನಾ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. “ಹೌದೌದು, ಪ್ರಾಣವೇ. ನಿನ್ನ ಬೋನು ಎತ್ತಿದಲ್ಲೆಲ್ಲ ತಮ್ಮದನ್ನ ಇಳಿಸ್ತಾ ಇದಾರಲ್ಲೋ, ಪೆದ್ದ!”

ಎಲ್ಡನ್ ದುರ್ಬೀನು ಕಿತ್ತುಕೊಂಡ. ಬೋನಿನ ಗುರುತಿಗೆ ಕಟ್ಟಿದ ಅವನ ಹಳದಿ ತೇಲುಬುರುಡೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಅಲ್ಲೇ ಬೇರೆಯವರ ಕೆಂಪು, ಹಸಿರು, ಪಟ್ಟೆಪಟ್ಟೆಯವು ತೇಲುತ್ತಿದ್ದವು. ಒಬ್ಬ ಡೋನಟ್ ಕಚ್ಚಿಕೊಂಡೇ ಹಗ್ಗ ಬಿಡುತ್ತಿದ್ದ.

ಮಧ್ಯಾಹ್ನ ಅವನ ಬೋನುಗಳನ್ನೆಲ್ಲ ಮನೆಯ ಮುಂದೆ, ಬಾಗಿಲೇ ಕಾಣದಂತೆ ಒಟ್ಟಿ ಹೋದರು.

“ಮೂರು ವರ್ಷ ಆದ್ಮೇಲೆ ಇವನ್ನ ಎಲ್ಲಿ ಇಳಿಸ್ಲಿ ಅಕ್ಕ?”

“ಇಳಿಸೋದೇನು ಬಂತು? ಟೊಮೇಟೊ ಬಳ್ಳಿ ಹಬ್ಬಿಸು,” ಎಂದು ವರ್ನಾ ಹಿತ್ತಿಲ ಬಾಗಿಲಿಂದ ಒಳಗೆ ಹೋದಳು.