ಕಾಡಿಗೆ ಹತ್ತಿದ ಬೆರಳುಗಳು

ಆಲ್ಬನಿಯ ನನ್ನ ಮನೆಯಲ್ಲಿ ದೇವರ ದೀಪ ಎಣ್ಣೆ ತೀರಿ ಹೊಗೆಯಾಡಿದಾಗಲೆಲ್ಲ ಆ ಕರಕಲು ವಾಸನೆ ನನ್ನನ್ನು ಡನೀಡಿನ್ ನಗರದ ಹೊರವಲಯದ ಒಂದು ತಗಡಿನ ಮಾಡಿನ ಮನೆಗೆ ಕರೆದೊಯ್ಯುತ್ತದೆ. ಕುರಿಗಳ ಫಾರ್ಮಿನಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಮಾಲೀಕರು ವಾಸಕ್ಕೆ ಕೊಟ್ಟಿದ್ದ ಮನೆ ಅದು. ಈಗ ಅಲ್ಲಿ ಹುಲ್ಲು ಬೆಳೆದಿದೆ. ಆದರೂ ಆ ಅಡುಗೆಮನೆಯ ಮೇಜು ಕಣ್ಣಿಗೆ ಕಟ್ಟಿದಂತಿದೆ: ಮೇಜಿನ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಚ್ಚಿಟ್ಟ ಕೋವಿ. ಮೊಲಗಳ ಕಾಟಕ್ಕೆಂದು ಅಪ್ಪ ಪರವಾನಗಿ ಪಡೆದು ಇಟ್ಟುಕೊಂಡಿದ್ದ, ಒಂದೊಂದು ಗುಂಡಿಗೂ ಬೋಲ್ಟ್ ಹಿಂದಕ್ಕೆಳೆಯಬೇಕಾದ ಹಳೆಯ ರೈಫಲ್. ಅದರ ಸ್ಪ್ರಿಂಗು, ತಿರುಪುಗಳು ಸವೆದಂತೆಲ್ಲ ಹೊಸದನ್ನು ತರಿಸಿ, ಭಾನುವಾರದ ಮಧ್ಯಾಹ್ನಗಳಲ್ಲಿ ಅವರೇ ಕೂಡಿಸುತ್ತಿದ್ದರು. ನಾನು ಸಹಾಯ ಮಾಡುತ್ತಿದ್ದೆ ಎಂದು ಬರೆದರೆ ತಪ್ಪಾದೀತು. ಟಾರ್ಚು ಹಿಡಿದು ನಿಲ್ಲುತ್ತಿದ್ದೆ, ಅಷ್ಟೆ.

ಭುಜಕ್ಕೆ ಆನಿಸುವ ಮರದ ಭಾಗ ಬದಲಿಸುವುದೇ ಎಲ್ಲಕ್ಕಿಂತ ನಿಧಾನದ ಕೆಲಸ. ಲೋಹವು ಮರದೊಳಗೆ ಕೂದಲೆಳೆಯಷ್ಟೂ ಅಲುಗದೆ ಕೂರಬೇಕು. ಅಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಕಪ್ಪನ್ನು ಅಪ್ಪ ಲೋಹಕ್ಕೆ ತೆಳುವಾಗಿ ಸವರಿ, ಮರದ ಗುಳಿಯೊಳಗೆ ಒತ್ತಿ ತೆಗೆಯುತ್ತಿದ್ದರು. ಕಪ್ಪು ಅಂಟಿದ ಕಡೆ ಮರ ಉಬ್ಬಿದೆಯೆಂದು ಅರ್ಥ. ಅಲ್ಲಿ ಮಾತ್ರ ಉಳಿಯಿಂದ ಹೆರೆಯುವುದು, ಮತ್ತೆ ಸವರುವುದು, ಮತ್ತೆ ಒತ್ತುವುದು.

“ಮಗಳ ಕಾಡಿಗೇನ ಕೋವಿಗೆ ಬಳೀತೀರಲ್ಲ, ಅದನ್ನೇನು ಹೆಣ್ಣು ನೋಡೋಕೆ ಬರ್ತಾರಾ?” ಎಂದು ಅಮ್ಮ ಛೇಡಿಸುತ್ತಿದ್ದರು.

“ಬಂದ್ರೆ ಒಪ್ಕೊಂಡೇ ಹೋಗ್ತಾರೆ. ನಿನ್ನ ಮಗಳ ಹಾಗೆ ಎದುರುತ್ತರ ಕೊಡಲ್ಲ ಇದು.”

ಸೋಮವಾರಪೇಟೆ ಕಡೆಯಿಂದ ಬಂದ ಅಪ್ಪ ಈ ಪರದೇಶದಲ್ಲಿಯೂ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ಪೂಜೆ ಮಾಡುತ್ತಿದ್ದರು. ಊರಿನ ಹೂವು ಸಿಗದ ಕಾರಣ ಬೇಲಿಯ ಬಳಿಯ ಕೋವಾಯ್ ಮರದ ಹಳದಿ ಹೂವನ್ನು ನಳಿಕೆಯ ಬಾಯಿಗೆ ಸಿಕ್ಕಿಸುತ್ತಿದ್ದರು.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಪದವಿ ಪ್ರದಾನಕ್ಕೆ ಕೆಲವು ವಾರ ಮುಂಚೆ ಮನೆಗೆ ಹೋಗಿದ್ದಾಗ, ಅಪ್ಪ ನನ್ನ ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನವರೆಗೆ ದಾರ ಹಿಡಿದು ಅಳೆದರು. “ಏನಪ್ಪಾ ಇದು?” ಎಂದೆ. “ಸುಮ್ನೆ ನಿಲ್ಲು ಮಗಾ, ಗ್ರ್ಯಾಜುಯೇಟ್ ಕೈ ಎಷ್ಟುದ್ದ ಇರುತ್ತೆ ನೋಡೋಣ,” ಎಂದರು. ನಾನು ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದೆ.

ಸಮಾರಂಭಕ್ಕೆ ಅಪ್ಪ ಹೊಸ ಕೋಟು ತೊಟ್ಟು ಬಂದರು. ಆದರೆ ಉಗುರುಗಳ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಕಾಡಿಗೆಯ ಕಪ್ಪು ಹಾಗೇ ಇತ್ತು. ನನ್ನ ಫ್ಲಾಟ್‌ನಲ್ಲಿ ಜೊತೆಗಿದ್ದ ಗೆಳತಿಯ ತಂದೆ ತಾಯಿ ಇಬ್ಬರೂ ವೈದ್ಯರು. ಪರಿಚಯಿಸಿಕೊಳ್ಳಲು ನಮ್ಮತ್ತ ಬರುತ್ತಿದ್ದರು. ಅವರಿಗೆ ಕನ್ನಡ ತಿಳಿಯದೆಂಬ ಧೈರ್ಯದಲ್ಲಿ ನಗುನಗುತ್ತಲೇ ಹೇಳಿದೆ: “ಅಪ್ಪಾ, ಕೈ ಹಿಂದಿಟ್ಕೋ. ಅಸಹ್ಯ ಕಾಣ್ಸುತ್ತೆ.”

“ಹೌದಲ್ವಾ ಮಗಾ... ಉಜ್ಜಿದೆ, ಹೋಗ್ಲಿಲ್ಲ,” ಎಂದು ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಫೋಟೋ ಮುಗಿದರೂ ಬಿಚ್ಚಲಿಲ್ಲ. ಚಹಾದ ಮೇಜಿನ ಬಳಿ ಅವರು ಏನನ್ನೂ ಮುಟ್ಟದಿರುವುದನ್ನು ಕಂಡೆ, ಕಂಡೂ ನನ್ನ ಚಹಾ ಸುರಿದುಕೊಂಡೆ.

ಕೆಲಸ ಸಿಕ್ಕಿ ಆಲ್ಬನಿಗೆ ಬಂದೆ. “ಕೈಲ್ ಮುಹೂರ್ತಕ್ಕೆ ಬಾ,” ಎಂದು ಅಪ್ಪ ಎರಡು ಸಲ ಫೋನು ಮಾಡಿದರು. ರಜೆಯಿಲ್ಲವೆಂದೆ. ರಜೆಯಿತ್ತು. ಮರುವರ್ಷದ ಮುಹೂರ್ತಕ್ಕೆ ಅಪ್ಪನೇ ಇರಲಿಲ್ಲ.

ನನ್ನಲ್ಲಿ ಪರವಾನಗಿ ಇರದ ಕಾರಣ ಕೋವಿಯನ್ನು ಪಕ್ಕದ ಫಾರ್ಮಿನ ಮುದುಕರಿಗೆ ಕೊಡುವುದೆಂದಾಯಿತು. ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಬಂದ ಅವರು ಬೋಲ್ಟ್ ತೆಗೆದಿಟ್ಟು, ಹೊಸ ಮರದ ಭಾಗವನ್ನು ಮೊಣಕೈಯ ಮಡಿಕೆಗೆ ಆನಿಸಿ ನೋಡಿದರು. ಅವರ ಬೆರಳು ಟ್ರಿಗರನ್ನು ದಾಟಿ ಮುಂದೆ ಹೋಯಿತು; ಮರ ಅವರ ತೋಳಿಗೆ ಗಿಡ್ಡವಾಗಿತ್ತು. “ನಿಮ್ಮಪ್ಪ ನನಗಿಂತ ಎತ್ತರದ ಆಳು. ಇದು ಯಾರ ತೋಳಿಗೆ ಮಾಡಿದ್ದು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಮ್ಮ ನನ್ನತ್ತ ನೋಡದೆ ಹೇಳಿದರು: “ನಿನಗೇ. ಮುಹೂರ್ತದ ದಿನ ನಿನ್ನ ಕೈಗೆ ಕೊಡ್ಬೇಕು ಅಂತಿದ್ರು. ನಿನ್ನ ಸಮಾರಂಭದ ಹಿಂದಿನ ದಿನವೂ ಅದೇ ಕೆಲಸ ಮಾಡ್ತಿದ್ರು.”

ಸಮಾರಂಭದ ಆ ಫೋಟೋ ಈಗ ನಮ್ಮ ಹಜಾರದ ಗೋಡೆಯ ಮೇಲಿದೆ. ಬಂದವರು ಅದನ್ನು ನೋಡಿ, “ನಿಮ್ಮಪ್ಪ ಎಷ್ಟು ಶಿಸ್ತಾಗಿ ನಿಂತಿದ್ದಾರೆ,” ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ.