ಒಂದು ಪದಕ್ಕೆ ನಾಲ್ಕು ದಿನ

ಮದುವೆಯ ದಿನಗಳು ಮುಗಿದವೆಂದರೆ ಅಮರೇಶಪ್ಪ ಸರ್‌ಗೆ ಸುಗ್ಗಿ. ಊಟಕ್ಕಲ್ಲ, ಲಗ್ನಪತ್ರಿಕೆಗೆ. ಮನೆಮನೆಯ ಹಳೆಯ ಲಗ್ನಪತ್ರಿಕೆಗಳನ್ನು ನಮ್ಮಿಂದ ತರಿಸಿ, ಬ್ಲೇಡಿನಿಂದ ನಾಲ್ಕು ತುಂಡು ಮಾಡಿ, ಹಿಂಬದಿಯ ಖಾಲಿ ಜಾಗದಲ್ಲಿ ಒಂದೊಂದು ಇಂಗ್ಲಿಷ್ ಪದ ಬರೆಸುತ್ತಿದ್ದರು. ಮುಂದೆ ಅರ್ಧ ಗಣಪತಿ, ವರನ ಅರ್ಧ ಹೆಸರು. ಹಿಂದೆ ನಮ್ಮ ಇಂಗ್ಲಿಷ್. ರಬ್ಬರ್ ಬ್ಯಾಂಡ್ ಹಾಕಿದ ಆ ಚೀಟಿಗಳ ಕಟ್ಟನ್ನು ಪ್ಯಾಂಟಿನ ಬಲಜೇಬಿಗೆ ತುರುಕಿಕೊಂಡು, ಬಲಕ್ಕೆ ತುಸು ವಾಲಿಕೊಂಡೇ ನಡೆಯುತ್ತಿದ್ದರು.

ಸಂತೆಕಲ್ಲೂರಿನಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ಅವರು ನಮಗೆ ಇಂಗ್ಲಿಷ್ ಮಾಸ್ತರು. ಅವರದು ಒಂದೇ ಹಟ. "ಗೈಡಿನ್ಯಾಗಿನ ಅರ್ಥ ನನಗ ಬ್ಯಾಡ. ನಿಮ್ಮವ್ವ ಏನಂತಾಳ, ಅದನ್ನ ಕೇಳ್ಕೊಂಡು ಬರ್ರಿ."

ಒಮ್ಮೆ ಪಾಠದಲ್ಲಿ 'ರಿಚ್' ಬಂತು. ಜಾಣೆ ಎನಿಸಿಕೊಳ್ಳುವ ಆಸೆಗೆ ನಾನೇ ಎದ್ದು ನಿಂತು "ಶ್ರೀಮಂತ" ಎಂದೆ.

"ಕುಂದ್ರಲೇ ಹುಲಿಗೆಮ್ಮ. ಆ ಅರ್ಥ ಈ ಪದದ ಮನ್ಯಾಗಿನ ಸಣ್ಣ ಮಗ. ಹಿರೇರು ಬ್ಯಾರೇ ಅದಾರ."

ಮರುದಿನದಿಂದ ಆ ಪದದ ಪಾಠ ಶುರು. ಮೊದಲ ದಿನ ಗೊರೇಬಾಳದ ಗದ್ದೆಯಿಂದ ಒಂದು ಕರಿಮಣ್ಣಿನ ಹೆಂಟೆ ತಂದು ಮೇಜಿನ ಮೇಲಿಟ್ಟರು. ಅದೂ ರಿಚ್. ನಮ್ಮಪ್ಪ ಅಂಥ ಹೊಲಕ್ಕೆ ಕಸುವಿನ ಹೊಲ ಎನ್ನುತ್ತಿದ್ದ. ನನ್ನ ಚೀಟಿಯಲ್ಲಿ ಅದನ್ನೇ ಬರೆದೆ. ಅದರ ಮರುದಿನ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಹಾಲು ಒಡೆದು ಮಾಡಿದ ಮಿಠಾಯಿ ಬಂತು. ಒಬ್ಬೊಬ್ಬರಿಗೆ ಅರ್ಧರ್ಧ. "ಒಂದು ತಿಂದ್ರ ಸಾಕನಸತೈತಲ್ಲ, ಅದೂ ರಿಚ್ಚ" ಎಂದರು. ಹಿಂದಿನ ಬೆಂಚಿನಿಂದ ಯಾರೋ "ನಮಗ ಸಾಕನಸಿಲ್ರಿ ಸರ್" ಎಂದಾಗ, "ಹಂಗಾದ್ರ ನಿನಗ ಅರ್ಥ ಆಗಿಲ್ಲ, ಇನ್ನೊಂದು ತಿನ್ನು" ಎಂದು ಅವನಿಗೆ ಮತ್ತೊಂದು ತುಂಡು ಕೊಟ್ಟರು. ಮೂರನೆಯ ದಿನ ಬಿಸಿಯೂಟದ ಅಡುಗೆಯಕ್ಕನನ್ನೇ ಬಾಗಿಲಲ್ಲಿ ನಿಲ್ಲಿಸಿ, ಅವಳ ಸೀರೆಯ ಸೆರಗಿನ ದಟ್ಟ ಕೆಂಪನ್ನು ತೋರಿಸಿದರು. ಆಕೆ, "ಏನ್ರಿ ಮಾಸ್ತರ್ರಾ, ನನ್ನ ಸೀರಿ ಮ್ಯಾಲೂ ಪಾಠ ಮಾಡಾಕತ್ತೀರಿ?" ಎಂದು ಸೆರಗು ಸುತ್ತಿಕೊಂಡು ಓಡಿದಳು.

ನಾಲ್ಕನೆಯ ದಿನ ಪದದ ವಂಶಾವಳಿ. "ಮೊದಲಿಗೆ ಈ ಮಾತಿಗೂ ರೊಕ್ಕಕ್ಕೂ ಸಂಬಂಧ ಇದ್ದಿಲ್ಲ. ಜೋರಿದ್ದಾವ, ಆಳಾವ ಅಂತ ಅರ್ಥ. ನಮ್ಮ ರಾಜ ಅನ್ನೋದೂ ಇದೂ ಅಣ್ತಮ್ಮರ ಮಕ್ಕಳು. ಇನ್ನೂ ಹಿಂದಕ ಹೋದ್ರ, ನೆಟ್ಟಗ ಮಾಡಾದು, ದಾರಿಗೆ ಹಚ್ಚಾದು ಅನ್ನೋ ಬೇರು ಸಿಗತೈತಿ. ಆಳಾವನ ಮನ್ಯಾಗ ರೊಕ್ಕ ಹೊಕ್ತು, ಹಿಂದಿಂದ ಮಾತೂ ಹೋಗಿ ಅಲ್ಲೇ ಕುಂತು."

ಒಂದು ಪದಕ್ಕೆ ನಾಲ್ಕು ದಿನ ಕೊಟ್ಟರೆ ಪೋರ್ಷನ್ ಮುಗಿಯುವುದೆಲ್ಲಿಂದ? ಹೆಡ್‌ಮಾಸ್ತರು ಬೈದರು. ಸರ್ "ಆತ್ರಿ" ಎಂದು ತಲೆಯಾಡಿಸಿ, ಮುಂದಿನ ಪದಕ್ಕೆ ಮೂರು ದಿನ ತೆಗೆದುಕೊಂಡರು.

ಅವರು ಗೆಸ್ಟ್ ಟೀಚರ್ ಎಂಬುದು ನಮಗೆ ತಿಳಿದದ್ದು ತಡವಾಗಿ. ಕಾಯಂ ಶಿಕ್ಷಕರಿಲ್ಲದ ಕಡೆ ವರ್ಷದ ಮಟ್ಟಿಗೆ ಇಟ್ಟುಕೊಳ್ಳುತ್ತಾರೆ. ಕಾಯಂನವರು ಬಂದ ದಿನ ಇವರು ಹೊರಡಬೇಕು. ನಾವು ಹತ್ತನೆಯ ತರಗತಿಗೆ ಬಂದಾಗ ಹೊಸ ಮೇಡಂ ಬಂದರು, ಸರ್ ಕಾಣಲಿಲ್ಲ. ಎರಡು ದಿನ ಆ ಮೇಡಂ ಹತ್ತಿರ ನಾವು ಯಾರೂ ಮಾತಾಡಲಿಲ್ಲ. ಪಾಪ, ಆಕೆಯ ತಪ್ಪೇನಿತ್ತೋ.

ಅವರ ಗುಂಗಿನಲ್ಲೇ ನಾನೂ ಇಂಗ್ಲಿಷ್ ಓದಿದೆ, ಸರಕಾರಿ ಶಾಲೆಯ ಕಾಯಂ ಶಿಕ್ಷಕಿಯ ನೌಕರಿಗೂ ಆಯ್ಕೆಯಾದೆ. ಊರು ಆರಿಸಿಕೊಳ್ಳುವ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಹಾಕಿದ್ದರು. ಮಸ್ಕಿ ಹತ್ತಿರದ ಒಂದು ಊರು ಕಂಡಿತು. ಬಸ್ಸಿಗೆ ಅನುಕೂಲ, ಮನೆಯಿಂದಲೇ ಓಡಾಡಬಹುದು. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು. ಅದೇ ಸಾಕೆಂದು ಸಹಿ ಮಾಡಿಬಿಟ್ಟೆ. ಖಾಲಿ ಎಂದು ಬರೆದ ಕಡೆಯಲ್ಲೂ ದಿನಾ ಯಾರೋ ಪಾಠ ಮಾಡುತ್ತಿರುತ್ತಾರೆ ಎಂಬುದು, ಅಂಥವರ ಕೈಯಲ್ಲೇ ಕಲಿತ ನನಗೆ ಹೊಳೆಯಲಿಲ್ಲ. ನನ್ನ ಬುದ್ಧಿಗೆ ಏನನ್ನಬೇಕು?

ಹಾಜರಾಗಲು ಹೋದ ದಿನ ಹೆಡ್‌ಮಾಸ್ತರು, "ಒಂಬತ್ತನೇ ಕ್ಲಾಸಿಗೆ ಹೋಗ್ರಿ, ಗೆಸ್ಟ್ ಟೀಚರ್ ಅದಾರ, ಅವರಿಗೆ ಆರ್ಡರ್ ತೋರಿಸ್ರಿ" ಎಂದರು. ಬಾಗಿಲಲ್ಲಿ ನಿಂತೆ. ಬೋರ್ಡಿನ ಮೇಲೆ ಬರೆಯುತ್ತಿದ್ದವರು ತಿರುಗಿದರು. ಅಮರೇಶಪ್ಪ ಸರ್. ಕೂದಲು ಪೂರಾ ಬಿಳಿ. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಅವರ ಮುಖ ಅರಳಿತು.

"ಲೇ ಹುಲಿಗೆಮ್ಮ, ಬಾರವ್ವ. ನಿನ್ನ ಲಗ್ನಪತ್ರಿಕಿ ತಂದಿ?"

ಅವರೇ ಲಕೋಟೆ ಇಸಿದುಕೊಂಡು ತೆರೆದರು. ಆರ್ಡರನ್ನು ಕೊನೆಯ ಸಾಲಿನವರೆಗೂ ಓದಿದರು. ಮೊದಲಿದ್ದ ಮಡಿಕೆಯಲ್ಲೇ ಮಡಚಿ ಲಕೋಟೆಗೆ ಹಾಕಿ ನನ್ನ ಕೈಗಿಟ್ಟರು. ಮಕ್ಕಳ ಕಡೆ ತಿರುಗಿ, "ಇನ್ಮ್ಯಾಲೆ ಇವರು ನಿಮಗ ಇಂಗ್ಲಿಷ್ ಕಲಸ್ತಾರ. ನನ್ನ ಕೈಯಾಗ ಕಲ್ತಾರ, ಚಲೋ ಕಲಸ್ತಾರ" ಎಂದರು. ಆಮೇಲೆ ನನಗೆ, "ಒಳಗ ಬರ್ರಿ ಮೇಡಂ." ಲೇ ಎನ್ನುತ್ತಿದ್ದ ಬಾಯಿಂದ ಆ ಮಾತು ಕೇಳಿ ನೆಲ ಬಾಯ್ಬಿಡಬಾರದೇ ಅನಿಸಿತು.

ಮರುದಿನವೇ ಶಿಕ್ಷಣ ಇಲಾಖೆಯ ಕಚೇರಿಗೆ ಓಡಿದೆ. ಬೇರೆ ಊರಿಗಾದರೂ ಹಾಕಿ ಎಂದು ಗುಮಾಸ್ತರನ್ನು ಕೇಳಿದೆ. "ಹಾಜರಾಗೀರಿ, ಮುಗೀತು. ಈಗ ನೀವು ಬಿಟ್ರೂ ಆ ಜಾಗಕ್ಕ ಇನ್ನೊಬ್ರು ಕಾಯಂನವರು ಬರ್ತಾರ. ಆ ಗೆಸ್ಟ್ ಟೀಚರಿಗಂತೂ ಸಿಗಂಗಿಲ್ಲ" ಎಂದರು. ನೌಕರಿಯನ್ನೇ ಬಿಟ್ಟುಬಿಡುವಷ್ಟು ಎದೆ ನನಗಿರಲಿಲ್ಲ. ಮನೆಯಲ್ಲಿ ಅವ್ವ ಊರಿಗೆಲ್ಲ ಪೇಡೆ ಹಂಚಿ ಮುಗಿಸಿದ್ದಳು.

ಸರ್ ಮತ್ತೆ ಬಂದದ್ದು ಮುಂದಿನ ಜೂನ್‌ನಲ್ಲಿ. ಹೆಡ್‌ಮಾಸ್ತರು ಮೀಟಿಂಗಿಗೆಂದು ಲಿಂಗಸುಗೂರಿಗೆ ಹೋಗಿದ್ದರು. ಅಂದಿನ ಚಾರ್ಜು ನನ್ನದು. ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಕೇಳಿದ್ದಾರೆ, ಅನುಭವದ ಪತ್ರ ಬೇಕು ಎಂದರು. ಕುರ್ಚಿ ಸರಿಸಿದೆ, ಕೂರಲಿಲ್ಲ. ಅಚ್ಚು ಹಾಕಿಸಿದ್ದ ನಮೂನೆ ತೆಗೆದು ತುಂಬತೊಡಗಿದೆ. ಹೆಸರು, ವಿಷಯ, ಕೆಲಸ ಮಾಡಿದ ಅವಧಿ. ಬಿಟ್ಟ ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ಬರೀರಿ ಮೇಡಂ. ಕಾಯಂ ಶಿಕ್ಷಕರು ಹಾಜರಾದ ಕಾರಣ. ಎಲ್ಲಾ ಸಾಲ್ಯಾಗೂ ಹಿಂಗ ಬರೀತಾರ. ನನ್ನ ಹತ್ರ ಇಂಥವು ಐದಾರು ಅದಾವ."

"ಸರ್, ನನಗ ಗೊತ್ತಿದ್ದಿಲ್ರಿ."

"ಗೊತ್ತಿದ್ರ ಏನ್ ಮಾಡತಿದ್ರಿ? ಬರೀರಿ, ಬಸ್ಸಿನ ಟೈಮ್ ಆಗೇತಿ."

ಬರೆದೆ. ಸಹಿ ಮಾಡಿ, ಸೀಲು ಒತ್ತಿ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ಹಾಳೆಯನ್ನು ಮತ್ತೆ ನನ್ನ ಮುಂದಿಟ್ಟು, ಸಹಿಯ ಕೆಳಗೆ ಬೆರಳು ತೋರಿಸಿದರು.

"ಬರೇ ಸಹಿ ನಡಿಯಂಗಿಲ್ರಿ. ಕೆಳಗ ನಿಮ್ಮ ಹೆಸರು ಪೂರಾ ಬರೀರಿ."

ನಾನು ನನ್ನ ಹೆಸರನ್ನು ಪೂರಾ ಬರೆದುಕೊಟ್ಟೆ.